ಬೋಲ್ಟಿನ ಮೇಲೆ ವಿಭೂತಿ

ಹಗಲು ಹನ್ನೆರಡು ಗಂಟೆಗೆ ಕತ್ತಲೆ ಮಾಡಿಕೊಳ್ಳುವುದು ಅವರಿಗೆ ಗೊತ್ತಿತ್ತು. ನಮ್ಮ ಕಾರಿನ ಮೂತಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಒಂದು ಕರಿ ಕಂಬಳಿಯನ್ನು ಬಾನೆಟ್ಟಿನ ಮೇಲಿಂದ ಇಳಿಬಿಟ್ಟು, ಅದರೊಳಗೆ ತಾವೂ ನುಗ್ಗಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಹೊರಗೆ ಕಾಣುವುದು ಎರಡು ಬರಿಗಾಲು, ಮಡಿಚಿ ಕಟ್ಟಿದ ಪಂಚೆಯ ಅಂಚು, ಅಷ್ಟೇ. ಒಳಗಿನಿಂದ ದನಿ ಬರುತ್ತಿತ್ತು.

"ಹಾಕವ್ವ ಲೈಟು."

ನಾನು ಸ್ವಿಚ್ ತಿರುಗಿಸುತ್ತಿದ್ದೆ.

"ಆರ್ಸು."

ಆರಿಸುತ್ತಿದ್ದೆ.

"ಈಗ ಹಾಕ್ಬುಟ್ಟು ಸುಮ್ಕೆ ಕೂತ್ಕೊ. ಬಾಗ್ಲು ಬಡೀಬ್ಯಾಡ, ಅಲ್ಲಾಡಬ್ಯಾಡ. ಒಸಿ ಹೊತ್ತು ಅದನ್ನ ನೋಡ್ತೀನಿ."

ಆ 'ಒಸಿ ಹೊತ್ತು' ಕಾಲು ಗಂಟೆಯಾದರೂ ಆಗುತ್ತಿತ್ತು. ಹೆಡ್‌ಲೈಟು ಮಿಣಕ್ ಎನ್ನುವುದನ್ನು ಹಿಡಿಯಬೇಕಾದರೆ ಅದರ ಎದುರು ಕೂತು ಕಾಯಬೇಕು, ಗದರಿದರೆ ರೋಗ ಅಡಗಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಬೀದಿಯಲ್ಲಿ ಹೋಗುವವರು ನಿಂತು ನಕ್ಕು ಹೋಗುತ್ತಿದ್ದರು. ಕಂಬಳಿ ಅಪ್ಪಾಜಿ ಎಂದೇ ಮಾಗಡಿಯ ನಮ್ಮ ಬೀದಿ ಅವರನ್ನು ಕರೆಯುತ್ತಿದ್ದದ್ದು. ನಿಜ ಹೆಸರು ನಾನು ಬರೆಯುವುದಿಲ್ಲ. ಒಮ್ಮೆ ನಿಮ್ಮ ಬಗ್ಗೆ ಬರೆಯುತ್ತೇನೆ ಅಂದಿದ್ದಕ್ಕೆ, "ಬರಿ, ಹೆಸ್ರು ಮಾತ್ರ ಹಾಕ್ಬ್ಯಾಡ ಕಣವ್ವ. ಆಮೇಲೆ ಊರಿನ ಕಾರೆಲ್ಲ ನಮ್ಮ ಮನೆ ಮುಂದೆ ಬಂದು ನಿಂತ್ಕೊಂಡ್ರೆ ನನ್ನ ಮಗಳು ರಂಗೋಲಿ ಎಲ್ಲಿ ಬುಡ್ತಾಳೆ?" ಅಂದಿದ್ದರು. ಕಳೆದ ತಿಂಗಳು ಅವರು ತೀರಿಕೊಂಡರು. ಬದುಕಿದ್ದಾಗ ಅವರ ಮಾತನ್ನು ನಾನು ಹೆಚ್ಚಾಗಿ ನಡೆಸಿಕೊಟ್ಟವಳಲ್ಲ. ಇದೊಂದನ್ನಾದರೂ ನಡೆಸುತ್ತೇನೆ.

ಅವರ ಮನೆ ನಮ್ಮ ಮನೆಗೆ ಎದುರು. ಮಗಳು, ಅಳಿಯ ಜೊತೆಗಿದ್ದರು. ಅಳಿಯನದು ಪೇಟೆಯಲ್ಲಿ ದಿನಸಿ ಅಂಗಡಿ. ಅಪ್ಪಾಜಿ ಮೂವತ್ತು ವರ್ಷ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕಾರ್ಖಾನೆಗಳ ಮೋಟರು ರಿಪೇರಿ ಮಾಡಿಕೊಂಡಿದ್ದವರು. ಬೀದಿಯಲ್ಲಿ ನಡೆದು ಹೋಗುತ್ತಲೇ ಯಾವ ಮನೆಯ ಮೋಟರು ಇನ್ನು ಎಷ್ಟು ದಿನ ಬಾಳುತ್ತದೆ ಎಂದು ಹೇಳುತ್ತಿದ್ದರಂತೆ. ಹೇಳಿದವರು ಅವರೇ ಆದ್ದರಿಂದ ನಾನು ಅರ್ಧ ನಂಬಿದ್ದೇನೆ. ಓದಿದ್ದು ಏಳನೇ ಕ್ಲಾಸು. ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಟೆಸ್ಟ್ ಲ್ಯಾಂಪು, ಅದರ ಪಕ್ಕ ಬಟ್ಟೆಯಲ್ಲಿ ಸುತ್ತಿದ ವಿಭೂತಿ ಗಟ್ಟಿ. ಇನ್ನೊಂದು ಜೇಬಿನಲ್ಲಿ ಉಪ್ಪುಕಾಗದದ ಚೂರುಗಳು. ಅಲ್ಲಿ ಮರದ ಬೊಂಬೆ ಉಜ್ಜಿ ಉಜ್ಜಿ ಸವೆದು ಬಿಸಾಕಿದ ಕಾಗದ ಅದು. ಒಂದರಲ್ಲಿ ಅರಗಿನ ಕೆಂಪು ಮೆತ್ತಿಕೊಂಡಿರುತ್ತಿತ್ತು, ಇನ್ನೊಂದರಲ್ಲಿ ಹಳದಿ. ಹೊಸ ಕಾಗದ ಕೊಟ್ಟರೆ ಬೇಡ ಅನ್ನುತ್ತಿದ್ದರು. "ಹೊಸ್ದು ಗೀರ್ತದೆ. ಇದು ಸವರ್ತದೆ. ಕರೆಂಟು ನಿಲ್ಲೋ ಜಾಗ ಮಗು ಕೆನ್ನೆ ಇದ್ದಂಗಿರ್ಬೇಕು."

ಸಲಹೆಗಳಿಗೇನೂ ಬರ ಇರಲಿಲ್ಲ. ಕಿತ್ತುಹೋದ ವೈರಿಗೆ ಬರಿ ಟೇಪು ಸುತ್ತಿದವರನ್ನು ಕಂಡರೆ ಆಗದು. "ಟೇಪು ಸುತ್ತೋನು ರೋಗ ಮುಚ್ಚೋನು." ಲೈಟು ಮಿಣುಕಿದ ತಕ್ಷಣ ಬಲ್ಬು ಬದಲಾಯಿಸುವವರನ್ನೂ ಹಾಗೆಯೇ. "ಕಣ್ಣು ಮಂಜಾದ್ರೆ ಕನ್ನಡಿ ಒರೆಸ್ತಾವನೆ ನೋಡು." ಕೆಲಸ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಕಾಫಿ ಮುಟ್ಟುತ್ತಿರಲಿಲ್ಲ. ಮುಗಿದ ಮೇಲೆ ಎರಡು ಲೋಟ ಕುಡಿಯುತ್ತಿದ್ದರು, ಎರಡನೆಯದು ಆರಿದ್ದೇ ಬೇಕು.

ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಂದು ಹಳೆಯ ಕಾರಿನ ಲೈಟಿಗೆ ಇಷ್ಟು ಗೋಳು ಯಾಕೆ ಎಂದು ನಿಮಗೆ ಅನ್ನಿಸುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನಮ್ಮ ಮನೆಯವರಿಗೆ ಎರಡೂ ಕಿಡ್ನಿ ನಿಂತು ಮೂರು ವರ್ಷವಾಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಾಗಡಿಯಲ್ಲಿ ಹೆಸರು ಬರೆಸಿ ಕಾಯುತ್ತಲೇ ಇದ್ದೇವೆ; ಸಿಕ್ಕಿದ್ದು ರಾಮನಗರದ ಒಂದು ಸೆಂಟರಿನಲ್ಲಿ, ಬೆಳಗಿನ ಆರು ಗಂಟೆಯ ಬ್ಯಾಚು. ಆರಕ್ಕೆ ಹಾಸಿಗೆಯಲ್ಲಿ ಇರದಿದ್ದರೆ ಆ ಜಾಗ ಮುಂದಿನವರಿಗೆ. ಆ ಹೊತ್ತಿಗೆ ಬಸ್ಸಿಲ್ಲ. ಬಾಡಿಗೆ ಕಾರಿನವನು ಎರಡು ದಿನ ಬಂದು ಮೂರನೆಯ ದಿನ ಫೋನು ಆಫ್ ಮಾಡಿದ. ಹಾಗಾಗಿ ನಲವತ್ತೆಂಟನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಮನೆ ಬಿಡುತ್ತೇವೆ. ಒಂದು ಗಂಟೆಯ ದಾರಿ. ಸಾವನದುರ್ಗದ ಕಡೆಯ ಕಾಡು ಅಂಚಿನಲ್ಲೇ ಬರುತ್ತದೆ, ತಿರುವುಗಳಿವೆ, ದೀಪದ ಕಂಬಗಳಿಲ್ಲ, ಚಿರತೆಯನ್ನು ಎರಡು ಸಲ ನೋಡಿದ್ದೇನೆ. ಆ ದಾರಿಯಲ್ಲಿ ನನಗೆ ಇರುವುದು ಆ ಎರಡು ಲೈಟು ಮಾತ್ರ.

ಮೊದಲ ಸಲ ಅವು ಮಿಣುಕಲು ಶುರು ಮಾಡಿದಾಗ ಪೇಟೆಯ ಗ್ಯಾರೇಜಿಗೆ ಹೋದೆ. ಅವರು ಎರಡೂ ಬಲ್ಬು ಹೊಸದು ಹಾಕಿದರು. ಬುಧವಾರ ಮತ್ತೆ ಮಿಣುಕಿತು. ಎರಡು ದಿನ ಕಾರು ಬಿಟ್ಟು ಹೋಗಿ ಅಂದರು. ನನ್ನ ಹತ್ತಿರ ಒಟ್ಟಿಗೆ ಎರಡು ದಿನ ಇರುವುದು ಶನಿವಾರ, ಭಾನುವಾರ ಮಾತ್ರ. ಭಾನುವಾರ ಅವರಿಗೆ ರಜ. ಗೇಟಿನ ಮುಂದೆ ಕಾರು ನಿಲ್ಲಿಸಿ ಸ್ಟೀರಿಂಗಿಗೆ ತಲೆ ಕೊಟ್ಟು ಕೂತಿದ್ದೆ. ಎದುರು ಮನೆಯಿಂದ ಅವರು ಬಂದು ಗಾಜು ತಟ್ಟಿದರು. ಅಲ್ಲಿಯವರೆಗೆ ನಮಗೆ ಹಬ್ಬದ ದಿನ ಕೋಸಂಬರಿ ಕೊಟ್ಟು ತಗೊಳ್ಳುವಷ್ಟೇ ಪರಿಚಯ.

"ಎರಡೂ ಮಿಣುಕ್ತವಾ, ಒಂದೇನಾ?"

"ಎರಡೂನೂ, ಅಪ್ಪಾಜಿ."

"ಇಂಜಿನ್ನು ಆಫ್ ಮಾಡಿದ್ರೂ ಮಿಣುಕ್ತವಾ?"

ನೋಡಿರಲಿಲ್ಲ. ನೋಡಿದೆವು. ಮಿಣುಕುತ್ತಿತ್ತು.

"ಹಂಗಾದ್ರೆ ಕರೆಂಟು ಹುಟ್ಟೋ ಜಾಗ್ದಲ್ಲಿ ತೊಂದ್ರೆ ಇಲ್ಲ, ಬುಡು. ಎರಡೂ ಒಟ್ಗೆ ಮಿಣುಕ್ತಾವೆ ಅಂದ್ರೆ ಎರಡಕ್ಕೂ ಸೇರಿರೋ ಕಡೆ ಎಲ್ಲೋ ಸಡ್ಲ ಐತೆ. ಹೋಗೋ ದಾರೀಲೋ, ವಾಪಸ್ ಬರೋ ದಾರೀಲೋ. ಹೋಗೋ ದಾರಿ ಎಲ್ರೂ ನೋಡ್ತಾರೆ ಕಣವ್ವ. ವಾಪಸ್ ಬರೋ ದಾರಿ ಯಾವೋನೂ ನೋಡಕಿಲ್ಲ."

ಇಪ್ಪತ್ತೈದು ವರ್ಷದಿಂದ ಬೋರ್ಡಿನ ಮೇಲೆ ವಿದ್ಯುತ್ ಮಂಡಲ ಬರೆದು, ಬಾಣದ ಗುರುತು ಹಾಕಿ, ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಕೊಟ್ಟವಳು ನಾನು. ಅದನ್ನು ನನ್ನ ಕಾರಿನಲ್ಲಿ ಹುಡುಕಬೇಕು ಎಂದು ನನಗೆ ಹೊಳೆದಿರಲಿಲ್ಲ. ಅವರು ಒಂದು ಮಾರುದ್ದ ವೈರು ತಂದರು. ಅದರ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿದರು, ಇನ್ನೊಂದನ್ನು ಹೆಡ್‌ಲೈಟಿನ ಹಿಂದಿನ ಕರಿ ವೈರಿಗೆ ಮುಟ್ಟಿಸಿದರು. ಕಂಬಳಿಯೊಳಗೆ ನನ್ನನ್ನೂ ಕರೆದು ಕೂರಿಸಿಕೊಂಡರು. ಒಳಗೆ ಎಣ್ಣೆ, ಉಣ್ಣೆ, ವಿಭೂತಿ ಸೇರಿದ ವಾಸನೆ. ವೈರು ಮುಟ್ಟಿಸಿದರೆ ಬೆಳಕು ಕಲ್ಲಿನಂತೆ ನಿಲ್ಲುತ್ತಿತ್ತು, ತೆಗೆದರೆ ನಡುಗುತ್ತಿತ್ತು. "ಕಂಡ್ಯಾ? ವಾಪಸ್ ಬರೋ ದಾರೀಲೇ ಐತೆ."

ಎರಡು ಲೈಟಿನ ಕರಿ ವೈರುಗಳೂ ಬಾನೆಟ್ಟಿನ ಎಡಗಡೆ ಒಂದು ಬೋಲ್ಟಿಗೆ ಬಂದು ಸೇರುತ್ತವೆ. ಅರ್ಥಿಂಗ್ ಬೋಲ್ಟು, ಕರೆಂಟು ಕಾರಿನ ಮೈಗೆ ಸೇರಿ ವಾಪಸ್ ಹೋಗುವ ಜಾಗ. ಹತ್ತನೇ ನಂಬರು ಸ್ಪ್ಯಾನರಿನಲ್ಲಿ ಅದನ್ನು ಬಿಚ್ಚಿದರು, ತುಕ್ಕು ಹಿಡಿದಿತ್ತು. ಕೆಂಪು ಅರಗು ಮೆತ್ತಿದ ಉಪ್ಪುಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿದರು. ಆಮೇಲೆ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ನಮ್ಮ ಮನೆಯ ನಲ್ಲಿಯ ನೀರಿನಲ್ಲಿ ಬೆರಳು ಅದ್ದಿ, ಆ ಹೊಳೆಯುವ ಜಾಗದ ಮೇಲೆ ಮೂರು ಗೆರೆ ಎಳೆದರು.

ನಾನು ನೋಡುತ್ತಿರುವುದನ್ನು ಕಂಡು ಹೇಳಿದರು: "ಮಡಿ ಮಾಡಿದ ಮೈಗೆ ಮೊದ್ಲು ವಿಭೂತಿ, ಆಮೇಲೆ ಬಟ್ಟೆ. ಗಾಡಿಗೂ ಹಂಗೇಯ. ಚನ್ನಪಟ್ಟಣದಾಗೆ ಯಾವ ಮೋಟ್ರಿಗೂ ನಾನು ಹಚ್ದೆ ಮುಚ್ಚಳ ಹಾಕಿಲ್ಲ." ಅದರ ಮೇಲೆ ವೈರಿನ ತುದಿಯಿಟ್ಟು ಬೋಲ್ಟು ಬಿಗಿ ಮಾಡಿದರು. ಬೋಲ್ಟಿನ ತಲೆಗೂ ಮೂರು ಗೆರೆ ಎಳೆದರು. ಒಳಗೆ ಬಂದು ನಮ್ಮ ಮನೆಯವರ ಹಣೆಗೂ ಹಚ್ಚಿದರು. ನಾನೂ ಕೈಮುಗಿದು ಹಣೆ ಒಡ್ಡಿದೆ. ಆ ಸೋಮವಾರ ಲೈಟು ಅಲುಗಾಡದೆ ರಾಮನಗರ ತಲುಪಿದೆವು. ಸಂತೋಷಕ್ಕೆ ನನಗೆ ಅಳು ಬಂದಿತ್ತು.

ಅಲ್ಲಿಂದ ಹತ್ತು ತಿಂಗಳು ಏನೂ ಆಗಲಿಲ್ಲ. ಮಳೆಗಾಲ ಕಳೆದು ಕಾರ್ತಿಕ ಬರುವ ಹೊತ್ತಿಗೆ ಮತ್ತೆ ಮಿಣುಕು ಶುರುವಾಯಿತು. ಈ ಸಲ ಕೆಟ್ಟದ್ದು. ಹಳ್ಳ ಬಂದಾಗ ಒಂದು ಕ್ಷಣ ಪೂರ್ತಿ ಕತ್ತಲೆ, ಮತ್ತೆ ಬೆಳಕು. ನಮ್ಮ ಮನೆಯವರ ಸ್ಥಿತಿಯೂ ಆಗ ಹದಗೆಟ್ಟಿತ್ತು. ಒಂದು ದಿನ ಡಯಾಲಿಸಿಸ್ ತಪ್ಪಿದರೆ ನೀರು ಎದೆಗೇರುತ್ತಿತ್ತು, ಮಲಗಲು ಆಗದೆ ಕೂತೇ ಇರುತ್ತಿದ್ದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಒಂದನ್ನೂ ತಪ್ಪಿಸಬೇಡಿ, ತಪ್ಪಿಸುವ ಕಾಲ ಮುಗಿಯಿತು ಅಂದಿದ್ದರು.

ಮೂರು ವಾರ ಅಪ್ಪಾಜಿ ನಮ್ಮ ಅಂಗಳದಲ್ಲೇ ಇದ್ದರು ಅನ್ನಬಹುದು. ಮಂಗಳವಾರ, ಗುರುವಾರ, ಶನಿವಾರ, ಭಾನುವಾರ ಕಂಬಳಿ ನಮ್ಮ ಕಾರಿನ ಮೇಲೆ. ಬ್ಯಾಟರಿಗೆ ವೈರು ಕಚ್ಚಿಸುವ ಹಿಡಿಗಳನ್ನು ಬಿಚ್ಚಿ ಹೊಸದು ಹಾಕಿದರು. ಹೆಡ್‌ಲೈಟಿನ ರಿಲೇಯನ್ನು, ಕರೆಂಟು ಬಿಟ್ಟು ಹಿಡಿಯುವ ಆ ಪುಟ್ಟ ಡಬ್ಬಿಯನ್ನು, ತೆಗೆದು ಅದರ ಜಾಗಕ್ಕೆ ಹಾರನ್ನಿನ ರಿಲೇ, ಹಾರನ್ನಿನ ಜಾಗಕ್ಕೆ ಅದನ್ನು ಸಿಕ್ಕಿಸಿ ನೋಡಿದರು. ಎರಡೂ ಒಂದೇ ಜಾತಿ, ರಿಲೇಯದೇ ತಪ್ಪಾಗಿದ್ದರೆ ಈಗ ಹಾರನ್ನು ತೊದಲಬೇಕು. ಹಾರನ್ನು ಚೆನ್ನಾಗಿಯೇ ಕೂಗಿತು. ಸ್ಟೀರಿಂಗಿನ ಕೆಳಗಿನ ಸ್ವಿಚ್ ಬಿಚ್ಚಿ ಉಜ್ಜಿದರು. ಬಲ್ಬಿನ ಹೋಲ್ಡರು ಸುಟ್ಟಿದೆಯೇ ಎಂದು ಮೂಸಿ ನೋಡಿದರು. ಮೀಟರು ಇಟ್ಟರು, ಬೆಲ್ಟು ಒತ್ತಿ ನೋಡಿದರು, ವೈರುಗಳ ಉದ್ದಕ್ಕೂ ಬೆರಳಾಡಿಸಿದರು. ಪ್ರತಿ ಸಲವೂ ಸರಿಹೋಯಿತು ಅನ್ನಿಸುತ್ತಿತ್ತು. ನಿಂತ ಕಾರಿನಲ್ಲಿ ಲೈಟು ಒಂದೊಂದು ಸಲ ಗಂಟೆಗಟ್ಟಲೆ ಸುಮ್ಮನಿರುತ್ತಿತ್ತು. ಮರುದಿನ ದಾರಿಯಲ್ಲಿ ಮತ್ತೆ ಅದೇ.

"ಆ ಅರ್ಥಿಂಗ್ ಬೋಲ್ಟು?" ಎಂದು ನಾನು ಒಂದು ಸಲ ಕೇಳಿದ್ದೆ.

ಅವರು ಬಾಗಿ ನೋಡಿದರು. ಬೋಲ್ಟಿನ ತಲೆಯ ಮೇಲೆ ಅವರು ಎಳೆದ ಗೆರೆಗಳ ಗುರುತು ಇನ್ನೂ ಮಸುಕಾಗಿ ಇತ್ತು. ಬೆರಳಿನಿಂದ ಅಲುಗಿಸಿದರು, ಅಲ್ಲಾಡಲಿಲ್ಲ. "ಅದು ನಾನು ಮಾಡಿರೋದು ಕಣವ್ವ. ಅದ್ರಲ್ಲಿ ಏನೂ ಇಲ್ಲ." ಅಲ್ಲಿಗೆ ಆ ಮಾತು ಮುಗಿಯಿತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ನಮ್ಮದು ಅದೇ ಅಲೆದಾಟ. ಅವರು ಆ ಮೂರು ವಾರದಲ್ಲಿ ಇಳಿದುಹೋದರು. ಕಾಫಿ ಕೊಟ್ಟರೆ, "ಇನ್ನೂ ಮುಗ್ದಿಲ್ವಲ್ಲ ತಾಯಿ," ಎಂದು ಲೋಟ ವಾಪಸ್ ಕಳಿಸುತ್ತಿದ್ದರು. ನಾನು ಆ ಹೊತ್ತಿಗೆ ಯಾರ ಮುಖವನ್ನೂ ನೋಡುವ ಸ್ಥಿತಿಯಲ್ಲಿ ಇರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ರೇಗುತ್ತಿದ್ದೆ, ಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ.

"ನಿಂತಿರೋ ಗಾಡೀಲಿ ರೋಗ ಸಿಕ್ತಿಲ್ಲ. ಓಡೋ ಗಾಡೀಲಿ ನೋಡ್ತೀನಿ, ನಾನೂ ಬತ್ತೀನಿ," ಎಂದು ಒಂದು ಶುಕ್ರವಾರ ನಾಲ್ಕೂವರೆಗೇ ಬಂದು ನಿಂತರು. ಮುಂದಿನ ಸೀಟಿನಲ್ಲಿ ಅವರು, ಹಿಂದೆ ದಿಂಬಿಗೆ ಒರಗಿ ನಮ್ಮ ಮನೆಯವರು. ಊರು ದಾಟಿದ ಮೇಲೆ ಅಪ್ಪಾಜಿ ಹಳ್ಳ ಹಳ್ಳಕ್ಕೂ ಬಾಯಲ್ಲೇ ಲೆಕ್ಕ ಹಿಡಿದರು. ಇಲ್ಲಿ ಮಿಣುಕಿತು, ಇಲ್ಲಿ ಇಲ್ಲ. ಎಡಕ್ಕೆ ತಿರುಗಿದಾಗ ಹೆಚ್ಚು. ಇಪ್ಪತ್ತು ನಿಮಿಷ ಹೀಗೆ ಹೋಗಿರಬಹುದು. ಕಾಡಿನ ಅಂಚಿನ ಒಂದು ಇಳಿಜಾರಿನ ತಿರುವಿನಲ್ಲಿ ಎರಡೂ ಲೈಟು ಒಟ್ಟಿಗೆ ಹೋದವು. ಬರಲೇ ಇಲ್ಲ.

ನಾನು ಬ್ರೇಕು ತುಳಿದು ನಿಂತೆ. ಏನೂ ಕಾಣುತ್ತಿರಲಿಲ್ಲ, ರಸ್ತೆಯ ಅಂಚು ಎಲ್ಲಿ ಅನ್ನುವುದೂ. ಹಿಂದಿನಿಂದ ನಮ್ಮ ಮನೆಯವರ ಉಸಿರು ಮಾತ್ರ ಕೇಳುತ್ತಿತ್ತು, ಒದ್ದೆ ಉಸಿರು. ಫೋನಿನಲ್ಲಿ ಸಿಗ್ನಲ್ ಇಲ್ಲ. ಅಪ್ಪಾಜಿ ಇಳಿದು ಬಾನೆಟ್ ತೆರೆದು ಫೋನಿನ ಬೆಳಕಿನಲ್ಲಿ ತಟ್ಟಿದರು, ಎಳೆದರು, ಒತ್ತಿದರು. ಐದು ನಿಮಿಷ, ಹತ್ತು ನಿಮಿಷ. ಹಿಂದಿನ ಸೀಟಿನಿಂದ, "ಆಗ್ತಿಲ್ಲ ಕಣೇ," ಅಂದರು ನಮ್ಮ ಮನೆಯವರು. ಆ ಮನುಷ್ಯ ಅಲ್ಲಿಯವರೆಗೆ ಎರಡು ವರ್ಷದಲ್ಲಿ ಒಂದು ಸಲವೂ ಹಾಗಂದಿರಲಿಲ್ಲ.

ಅಪ್ಪಾಜಿ ಬಾನೆಟ್ ಮುಚ್ಚಿದರು. ಕಿಟಕಿಯ ಹತ್ತಿರ ಬಂದು, "ನಾನು ಮುಂದೆ ನಡೀತೀನಿ. ಬೆಳಕು ನೋಡ್ಕೊಂಡು ಹಿಂದ್ಗಡೆಯಿಂದ ಬಾ. ಕಾಲಿನ ಮೇಲೆ ಕಣ್ಣಿಟ್ಟಿರು, ತಲೆ ನೋಡ್ಬ್ಯಾಡ," ಅಂದರು.

ಎಪ್ಪತ್ತು ದಾಟಿದವರು. ಬರಿಗಾಲು. ಫೋನಿನ ಟಾರ್ಚನ್ನು ಹಿಂದಕ್ಕೆ ತಮ್ಮ ಕಾಲಿಗೆ ಹಿಡಿದು ರಸ್ತೆಯ ನಡುವೆ ನಡೆದರು. ನಾನು ಫಸ್ಟ್ ಗೇರಿನಲ್ಲಿ ಅವರ ಹಿಮ್ಮಡಿಗಳನ್ನು ನೋಡಿಕೊಂಡು ಹೋದೆ. ನಡುವೆ ನಡುವೆ ಓಡುತ್ತಿದ್ದರು. ಓಡಿ ಉಸಿರು ಕಟ್ಟಿ ಮತ್ತೆ ನಡೆಯುತ್ತಿದ್ದರು. ಒಂದು ಸಲವೂ ನಿಲ್ಲಲಿಲ್ಲ. ಕೊನೆಗೆ ಪೂರ್ವದ ಕಡೆ ಬಂಡೆಗಳ ಅಂಚು ಕಾಣುವಷ್ಟು ಬೆಳಕು ಬಂದಾಗ ಪಕ್ಕಕ್ಕೆ ಸರಿದು, ಹೋಗು ಹೋಗು ಎಂದು ಕೈ ಬೀಸಿದರು. ಹತ್ತಿಸಿಕೊಳ್ಳಲು ನಾನು ನಿಲ್ಲಿಸಲಿಲ್ಲ. ಇವತ್ತಿಗೂ ಅದು ನನ್ನ ಕಣ್ಣಿಗೆ ಕಟ್ಟಿದೆ, ಕನ್ನಡಿಯಲ್ಲಿ ರಸ್ತೆ ಬದಿಗೆ ಕುಸಿದು ಕೂರುತ್ತಿದ್ದ ಒಬ್ಬ ಮುದುಕ.

ಏಳು ಗಂಟೆ ದಾಟಿತ್ತು. ಹಾಸಿಗೆ ಹೋಗಿತ್ತು. ಕೈಕಾಲು ಹಿಡಿದು ಬೇಡಿದ ಮೇಲೆ ಮಧ್ಯದಲ್ಲಿ ಎರಡು ಗಂಟೆ ಕೊಟ್ಟರು, ನಾಲ್ಕರ ಬದಲು. ಇವರು ಬದುಕಿಕೊಂಡರು. ಅಷ್ಟೇ ಹೇಳಬಲ್ಲೆ.

ಮಧ್ಯಾಹ್ನ ಮನೆಗೆ ಬಂದಾಗ ಅಪ್ಪಾಜಿ ಯಾವುದೋ ಹಾಲಿನ ವ್ಯಾನು ಹತ್ತಿ ಊರಿಗೆ ಬಂದು ನಮ್ಮ ಜಗಲಿಯ ಮೇಲೆಯೇ ಮಲಗಿದ್ದರು, ಬಾಯಿ ತೆರೆದು, ನಿದ್ದೆ. ಪಾದಗಳಲ್ಲಿ ರಕ್ತ ಒಣಗಿತ್ತು. ಅವರ ಮಗಳು ಬಿಸಿನೀರು ತಂದು ಕಾಯುತ್ತಿದ್ದಳು. ನನಗೆ ಕೂರಲು ಆಗಲಿಲ್ಲ. ಸೋಮವಾರ ಮತ್ತೆ ಬರುತ್ತದಲ್ಲ. ಅವರ ಕಂಬಳಿಯನ್ನು ನಾನೇ ಕಾರಿಗೆ ಹೊದೆಸಿ ಒಳಗೆ ನುಗ್ಗಿದೆ. ಮೊದಲ ಸಲ ಅವರು ಕಲಿಸಿದ್ದೇ ಆ ಒಂದು ಮಾರು ವೈರಿನ ಪಾಠ. ಬ್ಯಾಟರಿಯ ಮೈನಸ್ಸಿನಿಂದ ಕರಿ ವೈರಿಗೆ ಮುಟ್ಟಿಸಿದೆ. ಬೆಳಕು ಕಲ್ಲಿನಂತೆ ನಿಂತಿತು. ತೆಗೆದೆ, ಸತ್ತುಹೋಯಿತು.

ಹತ್ತನೇ ನಂಬರು ಸ್ಪ್ಯಾನರು ಹಾಕಿ ಆ ಬೋಲ್ಟು ಬಿಚ್ಚಿದೆ. ಮೇಲೆ ಬಿಗಿಯಾಗಿಯೇ ಇತ್ತು. ಅಡಿಯಲ್ಲಿ, ವೈರಿನ ತುದಿಗೂ ಲೋಹಕ್ಕೂ ನಡುವೆ, ಒಣಗಿದ ಹಿಟ್ಟಿನಂಥ ಬಿಳಿ ಪುಡಿ ಕಟ್ಟಿತ್ತು. ಮಳೆಗಾಲದ ತೇವ ಹೀರಿ ಅದರ ಸುತ್ತ ತುಕ್ಕು ಎದ್ದಿತ್ತು. ಉಗುರಿನಿಂದ ಕೆರೆದೆ. ಮೂಸಿದೆ. ವಿಭೂತಿ.

ನನ್ನ ಬಾಯಿ ಒಳ್ಳೆಯದಲ್ಲ. ಇದು ನಮ್ಮ ಮನೆಯವರು ಮದುವೆಯಾದ ವಾರಕ್ಕೇ ಕಂಡುಕೊಂಡ ಸತ್ಯ. ಆದರೂ ಆ ದಿನ ಅದು ಆಡಿದ್ದನ್ನು ನಾನು ಬೇರೆ ಯಾವತ್ತೂ ಆಡಿಲ್ಲ. ಅವರನ್ನು ಅಲುಗಿಸಿ ಎಬ್ಬಿಸಿದೆ. ಬಿಳಿ ಮೆತ್ತಿದ ಬೆರಳನ್ನು ಮುಖದ ಮುಂದೆ ಹಿಡಿದೆ.

"ನೋಡಿ ಅಪ್ಪಾಜಿ, ನೀವು ಹಚ್ಚಿದ್ದು. ಮೂರು ವಾರದಿಂದ ಇದೇ ಕಾಡಿದ್ದು. ಇವತ್ತು ದಾರೀಲಿ ಇವರು ಹೋಗಿದ್ದಿದ್ರೆ, ಇದೇ ವಿಭೂತಿ ಹಚ್ಚಿ ಮಣ್ಣು ಮಾಡ್ತಿದ್ರಾ?"

ಅವರ ಮಗಳು ಬಿಸಿನೀರಿನ ಪಾತ್ರೆ ಕೆಳಗಿಟ್ಟಳು. ಅವರು ನನ್ನ ಬೆರಳನ್ನೇ ನೋಡಿದರು. ಎದ್ದು, ಕುಂಟುತ್ತಾ ಕಾರಿನ ಹತ್ತಿರ ಹೋದರು. ಜೇಬಿನಿಂದ ಹಳದಿ ಅರಗಿನ ಕಾಗದದ ಚೂರು ತೆಗೆದು ಆ ಜಾಗವನ್ನು ಉಜ್ಜಿದರು, ವೈರಿನ ತುದಿಯನ್ನು ಉಜ್ಜಿದರು, ಬಟ್ಟೆಯಲ್ಲಿ ಒರೆಸಿ ಮತ್ತೆ ಉಜ್ಜಿದರು. ಬೋಲ್ಟು ಬಿಗಿ ಮಾಡಿದರು. ಕೈ ಅಭ್ಯಾಸದಂತೆ ಎದೆಯ ಜೇಬಿಗೆ ಹೋಯಿತು, ಅರ್ಧಕ್ಕೆ ನಿಂತಿತು, ಕೆಳಗಿಳಿಯಿತು.

"ತಪ್ಪಾಯ್ತು ತಾಯಿ," ಅಂದರು.

ಬೂದಿಯಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಹೇಳಿಕೊಟ್ಟಿದ್ದರು. ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೆ, ಉದಾಹರಣೆ ಸಮೇತ. ಅವರು ಹೊಳೆಯುವ ಲೋಹದ ಮೇಲೆ ಮೂರು ಗೆರೆ ಎಳೆದ ದಿನ ಪಕ್ಕದಲ್ಲಿ ನಿಂತು ಕೈಮುಗಿದ ವಿಜ್ಞಾನದ ಮೇಡಂ ನಾನು. ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನನ್ನದು. ಅದು ನನಗೆ ಆ ಸಂಜೆಯೇ ಹೊಳೆಯಿತು. ಹೊಳೆದರೂ ರಸ್ತೆ ದಾಟಿ ಹೋಗಿ ಹೇಳಲಿಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಗಾದೆ ಬರೆಸುತ್ತೇವೆ ಮಕ್ಕಳ ಕೈಲಿ. ನಾಳೆ ಹೇಳೋಣ, ಸೋಮವಾರ ಕಳೆಯಲಿ, ಇವರು ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಒಂದು ವರ್ಷದ ಹತ್ತಿರ ತಳ್ಳಿದೆ.

ಆಮೇಲೆಯೂ ಅವರು ವಾರಕ್ಕೊಮ್ಮೆ ಗೇಟಿನ ತನಕ ಬರುತ್ತಿದ್ದರು. "ಹೆಂಗೈತವ್ವ ಲೈಟು?" "ಚೆನ್ನಾಗಿದೆ ಅಪ್ಪಾಜಿ." ಅಷ್ಟೇ. ಕರೆದರೆ ಒಳಗೆ ಬಂದು ಬ್ಯಾಟರಿಯ ನೀರು ನೋಡುತ್ತಿದ್ದರು, ಬೋಲ್ಟುಗಳನ್ನು ಬಿಗಿ ಮಾಡುತ್ತಿದ್ದರು. ಎಲ್ಲಿಗೂ ವಿಭೂತಿ ಹಚ್ಚುತ್ತಿರಲಿಲ್ಲ. ನಮ್ಮ ಮನೆಯವರ ಹಣೆಗೂ ಹಚ್ಚುತ್ತಿರಲಿಲ್ಲ. ಇವರೇ ಒಮ್ಮೆ, "ಯಾಕೆ ಅಪ್ಪಾಜಿ, ನನ್ನನ್ನ ಮರೆತ್ರಾ?" ಎಂದು ಹಣೆ ತೋರಿಸಿ ಕೇಳಿದರು. "ನನ್ ಕೈ ಚೆಂದಾಗಿಲ್ಲ ಬುಡಿ ಸ್ವಾಮಿ," ಎಂದು ನಕ್ಕು ಹೊರಟುಹೋದರು. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡು ನಿಂತಿದ್ದೆ. ಆಗಲಾದರೂ ಬರಬಹುದಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಸ್ನಾನ ಮಾಡಿ ಬಂದ ಅಪ್ಪಾಜಿ ಹಾಗೇ ಗೋಡೆಗೆ ಒರಗಿದರಂತೆ. ಬುಧವಾರ ಮಣ್ಣು. ಬುಧವಾರ ನಮಗೆ ಡಯಾಲಿಸಿಸ್. ರಾಮನಗರದಿಂದ ವಾಪಸ್ ಬಂದು, ಇವರನ್ನು ಮಲಗಿಸಿ, ಅವರ ಹೊಲಕ್ಕೆ ಓಡಿದೆ. ಗುಳಿಯಲ್ಲಿ ಕೂರಿಸಿ ಆಗಿತ್ತು. ಬಂದವರೆಲ್ಲ ಬಿಲ್ವಪತ್ರೆ, ವಿಭೂತಿ ಗಟ್ಟಿ ತಗೊಂಡು ಒಳಗೆ ಹಾಕುತ್ತಿದ್ದರು. ನನ್ನ ಕೈಗೂ ಒಂದು ಗಟ್ಟಿ ಕೊಟ್ಟರು. ಇದೇ ವಿಭೂತಿ ಹಚ್ಚಿ ಮಣ್ಣು ಮಾಡ್ತಿದ್ರಾ, ಎಂದು ನಾನು ಕೇಳಿದ್ದು ನೆನಪಾಗಿ ಕೈ ಮುಂದೆ ಹೋಗಲಿಲ್ಲ. ಹಿಂದೆ ಸರಿದು ನಿಂತೆ. ಮಣ್ಣು ಮುಚ್ಚಿದರು.

ಅವರ ಮಗಳು ನನ್ನ ಹತ್ತಿರ ಬಂದು ಕೂತಳು. ಜಗಳಕ್ಕೆ ಬಂದಿದ್ದರೆ ವಾಸಿಯಾಗಿತ್ತು.

"ಅಕ್ಕ, ನಿಮಗೆ ಗೊತ್ತಿಲ್ಲ ಅನ್ಸುತ್ತೆ. ನೀವು ಬೆಳಿಗ್ಗೆ ಗೇಟಿಂದ ಕಾರು ಈಚೆಗೆ ತೆಗೀವಾಗ ಲೈಟು ನಮ್ಮ ಕಿಟ್ಕಿಯಿಂದ ಒಳಗಿನ ಗೋಡೆ ಮೇಲೆ ಬೀಳ್ತದೆ. ಅಪ್ಪ ನಾಲ್ಕೂವರೆಗೇ ಎದ್ದು ಹಾಸಿಗೆ ಮೇಲೆ ಕೂತಿರೋರು, ಆ ಗೋಡೆ ನೋಡ್ಕೊಂಡು. ಬೆಳಕು ಅಲ್ಲಾಡ್ದೆ ಹೋಯ್ತು ಅಂದ್ರೆ, 'ಹೋದ್ರು ಕಣವ್ವ' ಅಂದು ಮತ್ತೆ ಮಲಗೋರು. ಈ ಒಂದು ವರ್ಷ ಒಂದು ದಿನವೂ ತಪ್ಪಿಸ್ಲಿಲ್ಲ. ಮೊನ್ನೆ ಸೋಮವಾರವೂ ಕೂತಿದ್ರು."

ಅವಳು ಅಳುತ್ತಿದ್ದಳು, ನಾನೂ ಅತ್ತೆ. ಹೊರಡುವಾಗ ನೋಡಿದರೆ ಆ ವಿಭೂತಿ ಗಟ್ಟಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಮಣ್ಣಿಗೆ ಹೋದಲ್ಲಿಂದ ಮನೆಗೆ ಏನನ್ನೂ ತರಬಾರದು ಅನ್ನುತ್ತಾರೆ. ಕಾರಿನಲ್ಲೇ ಬಿಟ್ಟೆ.

ಶುಕ್ರವಾರ ಬೆಳಗಿನ ಜಾವ ಇವರನ್ನು ಹಿಂದೆ ಕೂರಿಸಿ, ದಿಂಬು ಸರಿಮಾಡಿ, ಗೇಟಿನಿಂದ ಕಾರು ಈಚೆಗೆ ತೆಗೆದೆ. ಡಯಾಲಿಸಿಸ್ ಸೂಜಿ ಚುಚ್ಚುವ ಇವರ ಕೈಯ ರಕ್ತನಾಳ ಮತ್ತೆ ಕಟ್ಟಿಕೊಳ್ಳುತ್ತಿದೆ, ಇನ್ನೆಷ್ಟು ದಿನ ಅನ್ನುವುದನ್ನು ಡಾಕ್ಟರೂ ಈಗ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಲೈಟು ಎದುರು ಮನೆಯ ಕಿಟಕಿಯ ಮೇಲೆ ಬಿತ್ತು. ಅಲುಗಾಡಲಿಲ್ಲ. ಕಾರು ಮುಂದೆ ಬಿಡಲು ನನಗೆ ಆಗಲಿಲ್ಲ.

"ಯಾಕೆ ನಿಂತೆ? ಬ್ಯಾಚ್ ತಪ್ಪುತ್ತೆ," ಅಂದರು ಇವರು.

"ಒಂದು ನಿಮಿಷ ಇರಿ."

ಇಳಿದು ಬಾನೆಟ್ ತೆರೆದೆ. ಸ್ಪ್ಯಾನರು ಹಾಕಿ ಅರ್ಥಿಂಗ್ ಬೋಲ್ಟನ್ನು ಬಿಗಿ ಮಾಡಿದೆ, ಇನ್ನು ತಿರುಗುವುದಿಲ್ಲ ಅನ್ನುವವರೆಗೆ. ಕುಡಿಯುವ ನೀರಿನ ಬಾಟಲಿಯಲ್ಲಿ ಬೆರಳು ಒದ್ದೆ ಮಾಡಿಕೊಂಡು, ಕಾರಿನಲ್ಲಿ ಬಿಟ್ಟಿದ್ದ ಆ ವಿಭೂತಿ ಗಟ್ಟಿಗೆ ಉಜ್ಜಿದೆ. ಆಮೇಲೆ ಅದರ ತಲೆಯ ಮೇಲೆ ಮೂರು ಗೆರೆ ಎಳೆದೆ. ಬೆರಳಲ್ಲಿ ಉಳಿದದ್ದನ್ನು ಹಿಂದಿನ ಬಾಗಿಲು ತೆರೆದು ಇವರ ಹಣೆಗೆ ಹಚ್ಚಿದೆ. ಎದುರು ಮನೆಯ ಕಿಟಕಿಯ ಕಡೆ ನೋಡಿ, "ತಪ್ಪಾಯ್ತು ಅಪ್ಪಾಜಿ," ಎಂದು ಹೇಳಿದೆ, ಬಾಯಿಬಿಟ್ಟು, ಬೀದಿಗೆ ಕೇಳುವ ಹಾಗೆ. ನಾಲ್ಕೂ ಐವತ್ತಾಗಿತ್ತು. ಹೊರಟೆವು.